ಕಂಪ್ಯೂಟರ್ ನಿಮ್ಮದು, ಸಾಫ್ಟ್‌ವೇರ್ ಯಾರದು?

ಮನೆ ಕಟ್ಟಿಸುವವರ ಕೈಗೆ ಎಂಜಿನಿಯರ್ ಕೊಡುತ್ತಿದ್ದ ಪ್ಲಾನ್ ಹಾಳೆಯ ನಾಲ್ಕೂ ಅಂಚಿನಲ್ಲಿ ಒಂದು ಕಾಲದಲ್ಲಿ ಸಣ್ಣ ಅಕ್ಷರದ ಇಂಗ್ಲಿಷ್ ಸಾಲೊಂದು ಅಚ್ಚಾಗಿರುವುದಿತ್ತು. ಈ ನಕ್ಷೆ ಆಟೊಡೆಸ್ಕ್ ಕಂಪನಿಯ ಶೈಕ್ಷಣಿಕ ಆವೃತ್ತಿಯಲ್ಲಿ ತಯಾರಾದದ್ದು ಎಂಬುದು ಅದರ ಒಕ್ಕಣೆ. ಮನೆ ಯಜಮಾನರು ಅದನ್ನು ಓದುತ್ತಿರಲಿಲ್ಲ. ಬಾವಿ ಯಾವ ಮೂಲೆಗೆ ಬಂತು, ಅಡುಗೆಮನೆ ಆಗ್ನೇಯದಲ್ಲಿ ಉಂಟೋ ಇಲ್ಲವೋ, ರಸ್ತೆಯಿಂದ ಎಷ್ಟು ಜಾಗ ಬಿಡಬೇಕು ಎಂಬಷ್ಟೇ ಅವರ ಲೆಕ್ಕ. ಓದಿದ್ದರೆ ಗೊತ್ತಾಗುತ್ತಿತ್ತು: ಕಾಲೇಜಿನಲ್ಲಿ ಕಲಿಯಲೆಂದು ಪುಕ್ಕಟೆ ಸಿಕ್ಕಿದ ಆಟೊಕ್ಯಾಡ್ ಎಂಬ ಆ ಕಂಪನಿಯ ನಕ್ಷೆ ಬರೆಯುವ ಸಾಫ್ಟ್‌ವೇರ್, ಓದು ಮುಗಿದು ಕಚೇರಿಗೆ ಬೋರ್ಡ್ ಬಿದ್ದ ಮೇಲೂ ಅದೇ ಲ್ಯಾಪ್‌ಟಾಪ್‌ನಲ್ಲಿ ದುಡಿಯುತ್ತಿದೆ.

ಆ ಸಾಲಿಗೆ ಇನ್ನೊಂದು ಗುಣವಿತ್ತು. ಅದು ಅಂಟುತ್ತಿತ್ತು. ವಿದ್ಯಾರ್ಥಿ ಆವೃತ್ತಿಯಲ್ಲಿ ಬರೆದ ಕಿಟಕಿಯ ಚಿತ್ರವೊಂದನ್ನು ಹಣ ಕೊಟ್ಟು ಕೊಂಡ ಆಟೊಕ್ಯಾಡ್‌ನ ಫೈಲಿಗೆ ಎತ್ತಿ ಹಾಕಿದರೂ ಸಾಕು, ಆ ಫೈಲಿನ ಪ್ರಿಂಟಿನಲ್ಲೂ ಅಂಚಿನ ಸಾಲು ಕಾಣಿಸಿಕೊಳ್ಳುತ್ತಿತ್ತು. ಸಾವಿರಾರು ರೂಪಾಯಿ ಕೊಟ್ಟು ಸರಿಯಾಗಿ ಕೊಂಡವನೂ ಗಿರಾಕಿಯ ಎದುರು ತಲೆ ಕೆರೆದುಕೊಳ್ಳಬೇಕಾಗಿತ್ತು. ಈಚಿನ ಆವೃತ್ತಿಗಳಲ್ಲಿ ಆ ಸಾಲು ಅಚ್ಚಾಗುವುದಿಲ್ಲ. ಶರತ್ತು ಮಾತ್ರ ಹಾಗೇ ಇದೆ: ವಿದ್ಯಾರ್ಥಿ ಆವೃತ್ತಿ ಕಲಿಕೆಗೆ, ಸಂಪಾದನೆಗೆ ಅಲ್ಲ.

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಚೇರಿ ಅಂಗಡಿಗಳಲ್ಲಿ ಸಾಫ್ಟ್‌ವೇರ್ ಲೈಸೆನ್ಸಿನ ಮಾತೆತ್ತಿದರೆ ಹೆಚ್ಚಿನವರಿಗೆ ನೆನಪಾಗುವುದು ಕಳ್ಳ ಸಿ.ಡಿ. ಮತ್ತು ಪೊಲೀಸರು. ನನ್ನ ತಿಳುವಳಿಕೆಯಲ್ಲಿ ವಿಷಯ ಅಷ್ಟು ಸರಳವಲ್ಲ. ಬೇಕೆಂದೇ ಕದ್ದು ಬಳಸುವವರು ಇದ್ದಾರೆ, ಇಲ್ಲವೆನ್ನಲಾಗದು. ಆದರೆ ಮರ್ಯಾದೆಯಿಂದ ವ್ಯಾಪಾರ ಮಾಡುವವರು ಸಿಕ್ಕಿಬೀಳುವುದು ಬೇರೆ ಕಡೆ. ಲೈಸೆನ್ಸ್ ಕೊಂಡ ದಿನ ಎಲ್ಲವೂ ಸರಿಯೇ ಇರುತ್ತದೆ. ಆಮೇಲೆ ಬಳಕೆ ಬದಲಾಗುತ್ತದೆ. ವಿದ್ಯಾರ್ಥಿ ವೃತ್ತಿಗಿಳಿಯುತ್ತಾನೆ, ಒಂದು ಕಂಪ್ಯೂಟರ್ ಇದ್ದಲ್ಲಿ ಮೂರಾಗುತ್ತದೆ, ಉಡುಪಿಯ ಅಂಗಡಿ ಕಾರ್ಕಳದಲ್ಲಿ ಶಾಖೆ ತೆರೆಯುತ್ತದೆ, ಹಳೆಯ ಯಂತ್ರ ಗುಜರಿಗೆ ಹೋಗುತ್ತದೆ. ಶರತ್ತಿನ ಕಾಗದವನ್ನು ಆ ಹೊತ್ತಿಗೆ ಮತ್ತೆ ತೆಗೆದು ನೋಡುವವರು ಯಾರೂ ಇಲ್ಲ.

ಉದಾಹರಣೆಗೆ ವಿಂಡೋಸ್. ಹೊಸ ಕಂಪ್ಯೂಟರಿನೊಡನೆ ಬರುವ ಒಇಎಂ ಲೈಸೆನ್ಸ್ ಆ ಯಂತ್ರಕ್ಕೆ ಕಟ್ಟಿಬಿದ್ದದ್ದು; ಯಂತ್ರ ಸತ್ತರೆ ಅದೂ ಸತ್ತಂತೆ, ಬೇರೆ ಯಂತ್ರಕ್ಕೆ ಕೊಂಡೊಯ್ಯುವ ಹಾಗಿಲ್ಲ. ಪೆಟ್ಟಿಗೆಯಲ್ಲಿ ಬಿಡಿಯಾಗಿ ಕೊಂಡದ್ದಾದರೆ ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು. ಬಿಡಿಭಾಗ ಜೋಡಿಸಿ ಕೊಡುವ ಅಂಗಡಿಯಲ್ಲಿ ಈ ಭೇದದ ಪ್ರಸ್ತಾಪವೇ ಬರುವುದಿಲ್ಲ. “ವಿಂಡೋಸ್, ಆಫೀಸ್ ಎಲ್ಲ ಹಾಕಿ ಕೊಡ್ತೀರಲ್ಲ?” “ಅದೆಲ್ಲ ಹಾಕಿಯೇ ಕೊಡುವುದು ಮಾರಾಯ್ರೆ, ನೀವು ತಲೆಬಿಸಿ ಮಾಡ್ಬೇಡಿ.” ಬಿಲ್ಲಿನಲ್ಲಿ ‘ಕಂಪ್ಯೂಟರ್ ಸೆಟ್ 1’ ಎಂದು ಬರೆದಿರುತ್ತದೆ. ಮುಂದೊಂದು ದಿನ ಕೇಳುವವರು ಬಂದರೆ ತೋರಿಸಲು ಇರುವುದು ಆ ಒಂದು ಸಾಲು.

ಟ್ಯಾಲಿಯ ಕಥೆಯೂ ಇದೇ ಜಾತಿಯದು. ಬೆಂಗಳೂರಿನಲ್ಲಿ 1986ರಲ್ಲಿ ಹುಟ್ಟಿದ ಕಂಪನಿಯ ಈ ಲೆಕ್ಕದ ಸಾಫ್ಟ್‌ವೇರ್ ಇಲ್ಲದ ಅಂಗಡಿ ನಮ್ಮಲ್ಲಿ ಕಡಿಮೆ. ಒಂದೇ ಯಂತ್ರಕ್ಕೆ ಸಿಲ್ವರ್, ಕಚೇರಿಯ ಜಾಲದಲ್ಲಿ ಹಲವರಿಗೆ ಗೋಲ್ಡ್. ಸಿಲ್ವರ್ ಕೊಂಡ ಬಟ್ಟೆ ಅಂಗಡಿಯೊಂದು ಎರಡನೇ ಗುಮಾಸ್ತನನ್ನು ಕೂರಿಸಿದ ದಿನ ಲೈಸೆನ್ಸಿನ ಲೆಕ್ಕ ಬದಲಾಗಬೇಕು. ಬದಲಾಗುವುದು ಕುರ್ಚಿಗಳ ಲೆಕ್ಕ ಮಾತ್ರ.

ಇನ್ನು ಅಚ್ಚಿನ ಲೋಕ. ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು, ಯಾಕೆಂದರೆ ಇದು ಅಚ್ಚುಕೂಟದ ಸೀಮೆ. ಮಣಿಪಾಲ ಪವರ್ ಪ್ರೆಸ್ ಶುರುವಾದದ್ದು 1941ರಲ್ಲಿ, ‘ಉದಯವಾಣಿ’ 1970ರಲ್ಲಿ. ದೊಡ್ಡ ಪ್ರೆಸ್ಸಿನ ಆಸುಪಾಸಿನಲ್ಲಿ ಸಣ್ಣ ಪ್ರೆಸ್ಸುಗಳು, ಅವುಗಳ ಆಸುಪಾಸಿನಲ್ಲಿ ಡಿಟಿಪಿ ಅಂಗಡಿಗಳು, ಈಗ ಫ್ಲೆಕ್ಸ್ ಅಂಗಡಿಗಳು. ಮದುವೆ ಕಾಗದ, ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಕರಪತ್ರ, ಸಹಕಾರಿ ಸಂಘದ ಮಹಾಸಭೆಯ ವರದಿ ಎಲ್ಲವೂ ಹಾದುಹೋಗುವುದು ಈ ಕಂಪ್ಯೂಟರುಗಳಿಂದ. ಅವುಗಳಲ್ಲಿ ಏನೇನಿದೆ ಎಂದು ನೋಡಿದರೆ ಒಂದು ವಿಚಿತ್ರ ಇಕ್ಕಟ್ಟು ಕಾಣುತ್ತದೆ.

ಕನ್ನಡ ಸೆಟ್ಟಿಂಗ್ ಮಾಡುವವರ ಕೈಗೆ ಒಗ್ಗಿದ್ದು ಪೇಜ್‌ಮೇಕರ್. ಅದರ ಕೊನೆಯ ದೊಡ್ಡ ಆವೃತ್ತಿ 7.0 ಬಂದದ್ದು 2001ರಲ್ಲಿ. ಅಡೋಬಿ ಕಂಪನಿ ಅದನ್ನು ಕೈಬಿಟ್ಟು ಇನ್‌ಡಿಸೈನ್ ಕಡೆಗೆ ಹೋಗಿ ಯಾವ ಕಾಲವಾಯಿತೋ. ಆದರೆ ನುಡಿ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಮಾಡಿದ ನೂರಾರು ಫೈಲುಗಳು ಪೇಜ್‌ಮೇಕರಿನಲ್ಲೇ ಉಳಿದಿವೆ. ಅದಕ್ಕೆ ಯೂನಿಕೋಡ್ ಕನ್ನಡ ಬಾರದು. ಯೂನಿಕೋಡಿಗೆ ಹೋದರೆ ಹಳೆಯ ಫೈಲು ಮತ್ತೆ ಕುಟ್ಟಬೇಕು, ಇಲ್ಲವೇ ಕನ್ವರ್ಟ್ ಮಾಡಿ ಒತ್ತಕ್ಷರ ಎಲ್ಲಿ ಹಾರಿತು ಎಂದು ಪ್ರೂಫ್ ನೋಡುತ್ತ ಕೂರಬೇಕು. ಹಾಗಾಗಿ ಹೊಸ ಯಂತ್ರ ಬಂದಾಗಲೆಲ್ಲ ಪೆನ್‌ಡ್ರೈವಿನಲ್ಲಿ ಹಳೆಯ ಪೇಜ್‌ಮೇಕರ್ ಬರುತ್ತದೆ. ಒಂದು ಲೈಸೆನ್ಸ್ ಕೊಂಡಿದ್ದವರೂ ನಾಲ್ಕು ಯಂತ್ರಕ್ಕೆ ಅದನ್ನೇ ಹಾಕುತ್ತಾರೆ. ಸರಿ, ಇನ್ನು ಮೂರು ಕೊಂಡುಬಿಡುವ ಎಂದು ಹಣ ಹಿಡಿದು ಹೊರಟರೂ ಕಂಪನಿ ಅದನ್ನು ಮಾರುತ್ತಿಲ್ಲ. ಕಾನೂನಾದರೋ, ಮಾರಾಟ ನಿಲ್ಲಿಸಿದ ಮಾತ್ರಕ್ಕೆ ಹಕ್ಕು ಹೋಯಿತು ಎನ್ನುವುದಿಲ್ಲ.

ಶ್ರೀಲಿಪಿಯವರು ಈ ನಕಲಿನ ಕಾಟಕ್ಕೆ ಆಗಲೇ ಮದ್ದು ಹುಡುಕಿದ್ದರು. ಕಂಪ್ಯೂಟರಿನ ಹಿಂದೆ ಚುಚ್ಚುವ ಡಾಂಗಲ್ ಇದ್ದರೆ ಮಾತ್ರ ಸಾಫ್ಟ್‌ವೇರ್ ಕೆಲಸ ಮಾಡಬೇಕು. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಈ ಪುಟ್ಟ ತುಂಡನ್ನು ಅಂಗಡಿಯವರು ಕ್ಯಾಶ್ ಡ್ರಾವರಿನಲ್ಲಿಟ್ಟು ಬೀಗ ಹಾಕಿ ಹೋಗುತ್ತಿದ್ದುದುಂಟು. ಡಾಂಗಲ್ ಕಳೆದರೆ ಲೈಸೆನ್ಸ್ ಕಳೆದಂತೆಯೇ. ಕಣ್ಣಿಗೆ ಕಾಣುವ, ಕೈಗೆ ಸಿಗುವ ಲೈಸೆನ್ಸ್ ಇದ್ದಾಗ ಅದನ್ನು ಕಾಯುವ ಬುದ್ಧಿ ತಾನಾಗಿ ಬಂದಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಕನ್ನಡದ ಸಾಫ್ಟ್‌ವೇರುಗಳ ಚರಿತ್ರೆಯೂ ಶರತ್ತುಗಳ ಪಾಠವೇ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ತಾವು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೂ ‘ಸೇಡಿಯಾಪು’ ಸಾಫ್ಟ್‌ವೇರನ್ನೂ ಯಾರಿಂದಲೂ ಕಾಸು ಕೇಳದೆ ಹಂಚಿದರು. ಆ ವಿನ್ಯಾಸವೇ ಅಲ್ಪಸ್ವಲ್ಪ ಬದಲಾಗಿ ನುಡಿಯ ಮೂಲಕ ಸರ್ಕಾರಿ ಕಚೇರಿಗಳನ್ನು ತಲುಪಿತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಉಚಿತವಾಗಿ ಬಂದು ಮನೆಮಾತಾಯಿತು. ಮುಂದಿನ ಆವೃತ್ತಿಗಳು ಹಣ ಕೊಟ್ಟು ಕೀಲಿ ಪಡೆಯುವಂಥವಾದವು. ಕಷ್ಟಪಟ್ಟವರು ಬೆಲೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ‘ಬರಹ ಫ್ರೀ ಅಲ್ವಾ’ ಎಂಬ ಹಳೆಯ ನೆನಪಿನಲ್ಲೇ ಹೊಸ ಆವೃತ್ತಿಯನ್ನು ಹತ್ತು ಯಂತ್ರಕ್ಕೆ ಹಾಕಿದರೆ ಆಗ ತಪ್ಪು ನಮ್ಮದು. ಶರತ್ತು ಸಾಫ್ಟ್‌ವೇರಿನ ಹೆಸರಿಗಲ್ಲ, ಆವೃತ್ತಿಗೆ ಅಂಟಿರುತ್ತದೆ.

ಫಾಂಟಿಗೂ ಲೈಸೆನ್ಸ್ ಉಂಟು ಎಂದರೆ ಫ್ಲೆಕ್ಸ್ ಅಂಗಡಿಯಲ್ಲಿ ನಗುತ್ತಾರೆ. ಉಂಟು. ವಿಂಡೋಸಿನೊಡನೆ ಬರುವ ತುಂಗಾ ಫಾಂಟಿನಲ್ಲಿ ಆಮಂತ್ರಣ ಅಚ್ಚು ಹಾಕಲು ಯಾರ ಅಡ್ಡಿಯೂ ಇಲ್ಲ. ಅದೇ ಫಾಂಟಿನ ಫೈಲನ್ನು ನಿಮ್ಮ ವೆಬ್‌ಸೈಟಿಗೆ ಏರಿಸಿದರೆ, ಆ್ಯಪ್ ಒಳಗೆ ತುಂಬಿಸಿ ಹಂಚಿದರೆ ಬೇರೆ ಅನುಮತಿ ಬೇಕು. ಲೋಹಿತ್, ನೋಟೊ, ಬಾಲೂ ತಮ್ಮಗಳಂಥ ಕನ್ನಡ ಫಾಂಟುಗಳು ಓಪನ್ ಫಾಂಟ್ ಲೈಸೆನ್ಸಿನಲ್ಲಿವೆ. ಅವನ್ನು ವ್ಯಾಪಾರಕ್ಕೂ ಬಳಸಬಹುದು, ಜೊತೆಗಿಟ್ಟು ಹಂಚಲೂಬಹುದು.

ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯಿದೆಯ ಕಣ್ಣಿನಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಎಂದರೆ ಸಾಹಿತ್ಯ ಕೃತಿ. ಕಾದಂಬರಿಗೂ ಟ್ಯಾಲಿಗೂ ಒಂದೇ ಪಂಕ್ತಿ! ಕದ್ದ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ 63ಬಿ ಕಲಮಿನ ಪ್ರಕಾರ 7 ದಿನಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸಿಲ್ಲವಾದರೆ ನ್ಯಾಯಾಲಯ ಜೈಲು ಬಿಟ್ಟು 50 ಸಾವಿರದೊಳಗಿನ ದಂಡ ಹಾಕಬಹುದು. ಅಂದರೆ ಮನೆಯ ಹುಡುಗನಿಗೆ ಇರುವ ರಿಯಾಯಿತಿ ಅಂಗಡಿಯ ಧಣಿಗೆ ಇಲ್ಲ. ಕೃತಿಸ್ವಾಮ್ಯ ಉಲ್ಲಂಘನೆಯನ್ನು ಕುರಿತ ಇದೇ ಕಾಯಿದೆಯ 63ನೇ ಕಲಮಿನ ಅಪರಾಧ ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದಾದ, ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿತು. ಇದರ ಜೊತೆಗೆ ಸಿವಿಲ್ ದಾವೆ ಬೇರೆ. ದೆಹಲಿ ಹೈಕೋರ್ಟ್ ಮುನ್ಸೂಚನೆ ಇಲ್ಲದೆ ಕೋರ್ಟ್ ಕಮಿಷನರರನ್ನು ಕಳಿಸಿ ಕಂಪ್ಯೂಟರುಗಳನ್ನು ತಪಾಸಣೆ ಮಾಡಿಸುವುದುಂಟು. ಹೊಸ ಕಂಪ್ಯೂಟರಿಗೆ ಕಳ್ಳ ವಿಂಡೋಸ್ ತುಂಬಿಸಿ ಮಾರುತ್ತಿದ್ದವರ ವಿರುದ್ಧ ಮೈಕ್ರೋಸಾಫ್ಟ್ ಹೂಡಿದ್ದ ದಾವೆಯೊಂದರಲ್ಲಿ ಅದೇ ಹೈಕೋರ್ಟ್ 2005ರಲ್ಲಿ 19.75 ಲಕ್ಷ ರೂಪಾಯಿ ಪರಿಹಾರ ವಿಧಿಸಿತ್ತು.

ಹಾಗಾದರೆ ಹಣ ಕೊಟ್ಟು ನಾವು ಕೊಳ್ಳುವುದಾದರೂ ಏನು? ಇದಕ್ಕೆ ಅಚ್ಚುಕಟ್ಟಾದ ಉತ್ತರ ಬಂದದ್ದು ತೆರಿಗೆ ಜಗಳವೊಂದರಿಂದ, ಅದೂ ಕರ್ನಾಟಕದಿಂದ ಹೋದದ್ದು. ವಿದೇಶಿ ಸಾಫ್ಟ್‌ವೇರಿಗೆ ಕೊಟ್ಟ ಹಣ ರಾಯಲ್ಟಿ ಎಂದು ಕರ್ನಾಟಕ ಹೈಕೋರ್ಟ್ 2011ರಲ್ಲಿ ಹೇಳಿತ್ತು. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣದಲ್ಲಿ 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಕೊಂಡವರಿಗೆ ಸಿಗುವುದು ಕೃತಿಸ್ವಾಮ್ಯ ಇರುವ ಕೃತಿಯ ಒಂದು ಪ್ರತಿಯೇ ಹೊರತು ಕೃತಿಸ್ವಾಮ್ಯವಲ್ಲ ಎಂಬುದು ಅದರ ನಿಲುವು. ಪುಸ್ತಕ ಕೊಂಡವರಿಗೆ ಅದನ್ನು ಅಚ್ಚು ಹಾಕಿಸಿ ಮಾರುವ ಹಕ್ಕು ಬರುವುದಿಲ್ಲವಷ್ಟೆ.

ಲೈಸೆನ್ಸ್ ಇಲ್ಲದ ಸಾಫ್ಟ್‌ವೇರಿನ ಪ್ರಮಾಣ ಭಾರತದಲ್ಲಿ 2017ರಲ್ಲಿ ಶೇ. 56 ಎಂದು ಬಿಎಸ್‌ಎ ಎಂಬ ಒಕ್ಕೂಟ ಲೆಕ್ಕ ಹಾಕಿತ್ತು. ಅದು ಮಾರುವವರದೇ ಒಕ್ಕೂಟವಾದ್ದರಿಂದ ಅಂಕಿಯನ್ನು ತುಸು ಅನುಮಾನದಿಂದಲೇ ನೋಡಬೇಕು. ಆದರೂ ಕೋರ್ಟಿಗಿಂತ ಮೊದಲು ಪೆಟ್ಟು ಕೊಡುವುದು ಬೇರೆಯದೇ. ಕಳ್ಳ ಪ್ರತಿಯನ್ನು ಚಾಲೂ ಮಾಡುವ ‘ಆ್ಯಕ್ಟಿವೇಟರ್’ ಮೊದಲು ಕೇಳುವುದೇನು? ಆ್ಯಂಟಿವೈರಸ್ ಬಂದ್ ಮಾಡಿ ಎಂದು. ಬಾಗಿಲ ಚಿಲಕ ತೆಗೆದಿಟ್ಟು ಮಲಗಿ ಎಂದ ಹಾಗೆ. ಅದೇ ಯಂತ್ರದಲ್ಲಿ ಬ್ಯಾಂಕಿನ ಪಾಸ್‌ವರ್ಡ್, ಗಿರಾಕಿಗಳ ಆಧಾರ್ ಪ್ರತಿ, ಜಿಎಸ್‌ಟಿ ಲಾಗಿನ್ ಎಲ್ಲವೂ ಇರುತ್ತದೆ.

ಹಳೆಯ ಆವೃತ್ತಿಯಲ್ಲೇ ಕೂರುವ ಕಂಪನಿಗಳಿಗೆ ಇನ್ನೊಂದು ಕಡೆಯಿಂದಲೂ ಬಿಸಿ ತಟ್ಟಿದೆ. ಕಂಪನಿ ಕಾಯಿದೆಯಡಿ ನೋಂದಾಯಿತವಾದ ಸಂಸ್ಥೆಗಳು 2023ರ ಏಪ್ರಿಲ್ 1ರಿಂದ, ಯಾವ ನಮೂದನ್ನು ಯಾವಾಗ ತಿದ್ದಲಾಯಿತು ಎಂಬ ಜಾಡು ಉಳಿಸುವ ಸಾಫ್ಟ್‌ವೇರಿನಲ್ಲೇ ಲೆಕ್ಕ ಇಡಬೇಕು. ಆ ಜಾಡನ್ನು ನಿಲ್ಲಿಸುವ ಅವಕಾಶ ಇರಬಾರದು. ಆಡಿಟರು ತಮ್ಮ ವರದಿಯಲ್ಲಿ ಅದರ ಬಗ್ಗೆ ಬರೆಯಲೇಬೇಕು. ಯಾರೋ ಬೀಗ ಮುರಿದು ಕೊಟ್ಟ ಹತ್ತು ವರ್ಷ ಹಳೆಯ ಪ್ರತಿಯಲ್ಲಿ ಇದು ಎಲ್ಲಿಂದ ಬರಬೇಕು? ಒಬ್ಬರೇ ಒಡೆಯರಿರುವ ಅಂಗಡಿಗಳಿಗೆ, ಪಾಲುದಾರಿಕೆಗಳಿಗೆ ಈ ನಿಯಮ ಇಲ್ಲ. ಸರಿಯಾದ ಬಿಲ್ ಇದ್ದರೆ ಆಗುವ ಲಾಭ ಮಾತ್ರ ಇವುಗಳಿಗೂ ಸಿಗಬಹುದು: ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಕೇಳಬಹುದು, ಆದಾಯ ತೆರಿಗೆಯಲ್ಲಿ ಸಾಫ್ಟ್‌ವೇರಿಗೆ ಶೇ. 40ರ ಸವಕಳಿ ತೋರಿಸಬಹುದು. ಕಳ್ಳ ಪ್ರತಿಗೆ ಇದಾವುದೂ ಇಲ್ಲ.

ಪುಕ್ಕಟೆ ಎಂದು ಇಳಿಸಿಕೊಂಡದ್ದು ಇನ್ನೂ ದೊಡ್ಡ ಬಲೆ. ಒರಾಕಲ್ ಕಂಪನಿಯ ಜಾವಾ ತೆಗೆದುಕೊಳ್ಳಿ. ಡಿಜಿಟಲ್ ಸಹಿಗೆಂದು ಎಷ್ಟೋ ಕಚೇರಿಗಳಲ್ಲಿ ಜಾವಾ 8 ಹಾಕಿದ್ದಾರೆ. 2019ರ ಏಪ್ರಿಲ್‌ನಿಂದ ಅದರ ಹೊಸ ಅಪ್‌ಡೇಟುಗಳನ್ನು ವ್ಯಾಪಾರಕ್ಕೆ ಬಳಸಬೇಕಾದರೆ ಹಣ ಕೊಡಬೇಕು. 2023ರ ಜನವರಿಯಿಂದ ಒರಾಕಲ್ ಚಂದಾ ಲೆಕ್ಕ ಹಾಕುವುದು ಜಾವಾ ಮುಟ್ಟುವವರ ತಲೆ ಎಣಿಸಿ ಅಲ್ಲ, ಸಂಸ್ಥೆಯ ಒಟ್ಟು ನೌಕರರ ತಲೆ ಎಣಿಸಿ. ಕಾರ್ಕಳದ ಕಡೆ ಗೇರುಬೀಜದ ಕಾರ್ಖಾನೆಯೊಂದನ್ನು ಊಹಿಸಿಕೊಳ್ಳಿ: ಬೀಜ ಸುಲಿಯುವವರು 200 ಮಂದಿ, ಕಂಪ್ಯೂಟರ್ ಮುಟ್ಟುವವರು ಇಬ್ಬರು. ಆ ಲೆಕ್ಕದಲ್ಲಿ 200 ಮಂದಿಯೂ ಸೇರುತ್ತಾರೆ. ಅದೇ ಕೆಲಸಕ್ಕೆ ಓಪನ್‌ಜೆಡಿಕೆ ಎಂಬ ಮುಕ್ತ ಜಾವಾ ಧರ್ಮಕ್ಕೆ ಸಿಗುತ್ತದೆ. ಒರಾಕಲ್ಲಿನದೇ ಬೇಕೆಂದು ಹಟವಿಲ್ಲದಿದ್ದರೆ ಬದಲಿಸಿಕೊಳ್ಳಬಹುದು. ಪ್ರೋಗ್ರಾಮರುಗಳು ಪುಕ್ಕಟೆ ಬಳಸುತ್ತಿದ್ದ ಡಾಕರ್ ಡೆಸ್ಕ್‌ಟಾಪ್ ಕೂಡ 2021ರ ಆಗಸ್ಟಿನಲ್ಲಿ ಇದೇ ರೀತಿ ದೊಡ್ಡ ಕಂಪನಿಗಳಿಗೆ ಬೆಲೆ ಕಟ್ಟಿತು.

ಸಾಫ್ಟ್‌ವೇರನ್ನು ಬಳಸುವವರಷ್ಟೇ ಅಲ್ಲ, ಮಾಡುವವರೂ ನಮ್ಮಲ್ಲಿದ್ದಾರೆ. ರೋಬೊಸಾಫ್ಟ್ 1996ರಲ್ಲಿ ಉಡುಪಿಯಲ್ಲೇ ಹುಟ್ಟಿತು. ಅದರಿಂದ ಬೆಳೆದ 99ಗೇಮ್ಸ್ 2013ರಲ್ಲಿ ‘ಧೂಮ್ 3’ ಸಿನಿಮಾದ ಆಟ ಮಾಡಿತು. ಬೇರೆಯವರ ಪಾತ್ರ, ಹೆಸರು, ಚಿತ್ರಗಳನ್ನು ಶರತ್ತಿನ ಮೇಲೆ ಪಡೆದು ವ್ಯಾಪಾರ ಮಾಡುವ ಕೆಲಸ ಅದು. ರೋಬೊಸಾಫ್ಟನ್ನು ಜಪಾನಿನ ಟೆಕ್ನೊಪ್ರೊ ಹೋಲ್ಡಿಂಗ್ಸ್ 2021ರಲ್ಲಿ ಕೊಂಡಿತು. ಇಂಥ ಖರೀದಿಗಳಲ್ಲಿ ಕೊಳ್ಳುವವರ ವಕೀಲರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಲ್ಲಿ ಒಂದು, ನಿಮ್ಮ ಕೋಡಿನೊಳಗೆ ಬೇರೆ ಯಾರ್ಯಾರ ಕೋಡ್ ಇದೆ, ಯಾವ ಲೈಸೆನ್ಸಿನಲ್ಲಿ ಎಂಬುದು. ಮಣಿಪಾಲದ ಹಾಸ್ಟೆಲ್ ಕೋಣೆಯಲ್ಲೋ ನಿಟ್ಟೆಯ ಲ್ಯಾಬಿನಲ್ಲೋ ಸ್ಟಾರ್ಟಪ್ ಕನಸು ಕಾಣುವ ಹುಡುಗ ಹುಡುಗಿಯರು ಇದನ್ನು ಮೊದಲ ದಿನವೇ ತಿಳಿದಿರಬೇಕು. ಗಿಟ್‌ಹಬ್ಬಿನಲ್ಲಿ ಕಂಡದ್ದೆಲ್ಲ ಎತ್ತಿಕೊಳ್ಳುವಂಥದ್ದಲ್ಲ. ಲೈಸೆನ್ಸ್ ಫೈಲೇ ಇಲ್ಲದ ಕೋಡಿಗೆ ಅನುಮತಿಯೇ ಇಲ್ಲ ಎಂದರ್ಥ. ಎಂಐಟಿ ಲೈಸೆನ್ಸ್ ಇದ್ದರೆ ಹೆಸರು ಉಳಿಸಿ ಬಳಸಿದರಾಯಿತು (ಇದು ಮಣಿಪಾಲದ ಎಂಐಟಿಯದಲ್ಲ, ಅಮೆರಿಕದ್ದು). ಜಿಪಿಎಲ್ ಇದ್ದರೆ, ಅದನ್ನು ಸೇರಿಸಿ ಮಾಡಿದ ಪ್ರೋಗ್ರಾಂ ಹಂಚುವಾಗ ನಿಮ್ಮ ಮೂಲ ಕೋಡನ್ನೂ ಅದೇ ಶರತ್ತಿನಲ್ಲಿ ಕೊಡಬೇಕಾಗುತ್ತದೆ. ವಿಎಲ್‌ಸಿ ಪ್ಲೇಯರಿನ ಗತಿ ನೋಡಿ: ಆ್ಯಪಲ್ ಸ್ಟೋರಿನ ನಿಯಮಕ್ಕೂ ಜಿಪಿಎಲ್‌ಗೂ ಹೊಂದುವುದಿಲ್ಲ ಎಂದು ಅದನ್ನು ಬರೆದವರಲ್ಲೇ ಒಬ್ಬರು ತಕರಾರು ಎತ್ತಿ, 2011ರ ಜನವರಿಯಲ್ಲಿ ಐಫೋನ್ ಆವೃತ್ತಿ ಸ್ಟೋರಿನಿಂದ ಇಳಿಯಿತು. ಲೈಸೆನ್ಸ್ ಬದಲಿಸಿಕೊಂಡು ಮರಳಿದ್ದು 2013ರಲ್ಲಿ.

ಕಳ್ಳ ಪ್ರತಿ ಬೇಡ, ಕೊಳ್ಳಲು ಕೈಲಾಗದು ಎನ್ನುವವರು ಕಾಸರಗೋಡಿನ ಕಡೆ ನೋಡಬಹುದು. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ, ಈಗಿನ ಹೆಸರು ಕೈಟ್, ಶಾಲೆಗಳನ್ನು ಪೂರ್ತಿ ಸ್ವತಂತ್ರ ತಂತ್ರಾಂಶಕ್ಕೆ ತಂದು ಎಷ್ಟೋ ವರ್ಷವಾಯಿತು. ಗಡಿಯಾಚೆಯ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸ್, ಲಿಬ್ರೆಆಫೀಸ್, ಜಿಂಪ್, ಇಂಕ್‌ಸ್ಕೇಪ್‌ಗಳನ್ನು ಕನ್ನಡ ಪಠ್ಯಪುಸ್ತಕದಲ್ಲೇ ಓದಿ ಕಲಿಯುತ್ತಾರೆ. ಪತ್ರ, ಪಟ್ಟಿ, ಸಣ್ಣಪುಟ್ಟ ವಿನ್ಯಾಸಕ್ಕೆ ಇವು ಧಾರಾಳ ಸಾಕು. 2024ರ ಆರಂಭದಲ್ಲಿ ಬಂದ ಸ್ಕ್ರೈಬಸ್ 1.6ರಲ್ಲಿ ಯೂನಿಕೋಡ್ ಕನ್ನಡ ಪುಟ ಕಟ್ಟಬಹುದು. ಪ್ರೆಸ್ಸಿನವರು ಕೋರೆಲ್‌ಡ್ರಾ ಸಾಫ್ಟ್‌ವೇರಿನಲ್ಲಿ ಮಾಡಿ ಕಳಿಸಿದ ಫೈಲ್ ಮಾತ್ರ ಅಲ್ಲಿ ನೆಟ್ಟಗೆ ತೆರೆದುಕೊಳ್ಳುವುದಿಲ್ಲ, ಕೈಗೆ ಹತ್ತುವ ತನಕ ಕೆಲಸ ನಿಧಾನವಾಗುತ್ತದೆ. ಎಲ್ಲವನ್ನೂ ಬದಲಿಸಿ ಎನ್ನುವವರ ಮಾತು ನಂಬಬೇಡಿ. ವಿನ್ಯಾಸಗಾರನ ಒಂದು ಯಂತ್ರಕ್ಕೆ ಚಂದಾ ಕಟ್ಟಿ, ಬಿಲ್ಲು ಬರೆಯುವ ನಾಲ್ಕು ಯಂತ್ರಕ್ಕೆ ಮುಕ್ತ ತಂತ್ರಾಂಶ ಹಾಕುವುದು ಸಣ್ಣ ಅಂಗಡಿಗೆ ಕಟ್ಟುವ ಲೆಕ್ಕ.

ಕಂಪನಿಯಿಂದ ‘ಲೈಸೆನ್ಸ್ ಪರಿಶೀಲನೆ’ ಎಂಬ ಇಮೇಲ್ ಬಂದರೆ ಏನು ಮಾಡಬೇಕು ಎಂದು ಕೇಳುವವರಿದ್ದಾರೆ. ಮೊದಲು ಅದು ಅಸಲಿಯೋ ಎಂದು ನೋಡಿ. ನಕಲಿ ನೋಟಿಸುಗಳೂ ಓಡಾಡುತ್ತವೆ. ಅಸಲಿಯಾದರೆ ರಾತ್ರೋರಾತ್ರಿ ಎಲ್ಲ ಅಳಿಸಿಹಾಕಬೇಡಿ, ಸಾಕ್ಷ್ಯ ನಾಶ ಮಾಡಿದರೆಂಬ ಆರೋಪವೂ ಸೇರಿಕೊಳ್ಳುತ್ತದೆ. ಅವರು ಕಳಿಸಿದ ತಪಾಸಣೆ ಪ್ರೋಗ್ರಾಂ ಓಡಿಸುವ ಮುಂಚೆ, ಆಡಿಟ್ ಮಾಡುವ ಹಕ್ಕು ಒಪ್ಪಂದದಲ್ಲಿ ಅವರಿಗಿದೆಯೇ ಎಂದು ವಕೀಲರಿಗೆ ತೋರಿಸಿ. ಅಷ್ಟರಲ್ಲಿ ನಿಮ್ಮ ಎಣಿಕೆ ನೀವೇ ಮುಗಿಸಿ.

ಆ ಎಣಿಕೆಗೆ ದೊಡ್ಡ ವಿದ್ಯೆ ಬೇಡ. ಯಾವ ಯಂತ್ರ, ಯಾರು ಬಳಸುವುದು, ಒಳಗೆ ಏನೇನಿದೆ, ಯಾವ ಆವೃತ್ತಿ, ಯಾವ ಬಗೆಯ ಲೈಸೆನ್ಸ್, ಬಿಲ್ ಎಲ್ಲಿ, ಅವಧಿ ಯಾವಾಗ ಮುಗಿಯುತ್ತದೆ: ಒಂದು ಹಾಳೆ ಸಾಕು. ಬಿಲ್ ಅಂಗಡಿಯ ಹೆಸರಿನಲ್ಲಿ, ಜಿಎಸ್‌ಟಿ ನಂಬರಿನೊಡನೆ ಇರಲಿ. ಲ್ಯಾಪ್‌ಟಾಪಿನ ಹೊಟ್ಟೆಗೆ ಅಂಟಿಸಿದ ಚೀಟಿಯೊಂದೇ ದಾಖಲೆಯಾಗದು. ಲೈಸೆನ್ಸಿನ ಲಾಗಿನ್ ಇರುವುದು ಕೆಲಸ ಬಿಟ್ಟು ಹೋದ ಹುಡುಗನ ಜಿಮೇಲಿನಲ್ಲೋ ಅಂಗಡಿಯ ಇಮೇಲಿನಲ್ಲೋ ನೋಡಿಕೊಳ್ಳಿ. ಆನ್‌ಲೈನಿನಲ್ಲಿ ನಾನೂರು ಐನೂರು ರೂಪಾಯಿಗೆ ಸಿಗುವ ವಿಂಡೋಸ್ ಕೀಲಿ ಬಹಳಷ್ಟು ಸಲ ಯಾವುದೋ ದೊಡ್ಡ ಸಂಸ್ಥೆಯ ಸಗಟು ಕೀಲಿಯ ಚೂರು; ಇವತ್ತು ಚಾಲೂ ಆದೀತು, ಲೈಸೆನ್ಸ್ ಎನಿಸದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರಗಳಲ್ಲಿ ಹಲವಕ್ಕೆ ವಿಂಡೋಸ್ 11 ಏರುವುದಿಲ್ಲವಾದ್ದರಿಂದ ಹೇಗೂ ಬಹಳ ಮಂದಿ ಹೊಸತು ಕೊಳ್ಳುವವರೇ. ಆಗ ‘ಕಂಪ್ಯೂಟರ್ ಸೆಟ್ 1’ ಎಂಬ ಬಿಲ್ಲಿಗೆ ಒಪ್ಪಬೇಡಿ, ಸಾಫ್ಟ್‌ವೇರುಗಳನ್ನು ಹೆಸರು, ಆವೃತ್ತಿ ಸಹಿತ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಮಾರ್ಚ್ 31ರ ಸ್ಟಾಕ್ ಲೆಕ್ಕ ತೆಗೆಯುವಾಗ ಗೋದಾಮಿನ ಜೊತೆ ಕಂಪ್ಯೂಟರಿನ ಒಳಗನ್ನೂ ಒಮ್ಮೆ ಎಣಿಸಿ.